ಆಲೆಮನೆಗೆ ಬರುತ್ತೇನೆಂದ ಯಂತ್ರಗಳು

ಗೆಳೆಯರೇ, ಇವತ್ತು ತ್ಯಾಗಲಿಯ ಸುಬ್ಬತ್ತೆಯ ಆಲೆಮನೆಯಲ್ಲಿ ನನ್ನ ಮರ್ಯಾದೆ ಹೋಯಿತು.

ಕಬ್ಬಿನ ಹಾಲು ಕುಡಿಯಲು ಬನ್ನಿ ಎಂದು ಅವಳ ಬೆಲ್ಲದ ಗಿರಾಕಿಗಳಿಗೆಲ್ಲ ಇಮೇಲ್ ಕಳಿಸಿದವನು ನಾನೇ. ಅದರಲ್ಲಿ 'ಬರುತ್ತೇನೆ', 'ಬರುವುದಿಲ್ಲ' ಎಂದು ಎರಡು ಲಿಂಕು ಹಾಕಿದ್ದೆ. ಕಳಿಸಿದ ಕ್ಷಣಕ್ಕೇ ಹೆಚ್ಚುಕಮ್ಮಿ ಎಲ್ಲರೂ 'ಬರುತ್ತೇನೆ' ಒತ್ತಿದರು. ಅತ್ತೆ ಕಬ್ಬಿನ ಹಾಲಿನಿಂದ ಕಾಗದದಷ್ಟು ತೆಳ್ಳಗೆ, ಗರಿಗರಿಯಾಗಿ ರಾಶಿ ತೊಡೆದೇವು ಮಾಡಿಟ್ಟಳು. ಬಂದವರು ಬೆರಳೆಣಿಕೆಯಷ್ಟೇ.

ಉತ್ತರಗಳ ಪಟ್ಟಿಯನ್ನು ಮತ್ತೆ ತೆಗೆದು ನೋಡಿದರೆ, ಅದೇ ಜನ 'ಬರುವುದಿಲ್ಲ'ವನ್ನೂ ಒತ್ತಿದ್ದಾರೆ! ಮೇಲ್‌ನಲ್ಲಿ ವೈರಸ್ ಇದೆಯೇ ಎಂದು ಗಿರಾಕಿಗಳ ಆಫೀಸಿನ ಕಂಪ್ಯೂಟರುಗಳೇ ಎಲ್ಲ ಲಿಂಕುಗಳನ್ನು ಒತ್ತಿ ನೋಡುತ್ತವೆ, ಇದು ಯಂತ್ರದ ಕೆಲಸ ಎಂದು ಅತ್ತೆಗೆ ವಿವರಿಸಿದೆ.

"ಬತ್ತೆ, ಬತ್ನಿಲ್ಲೆ ಎರಡನ್ನೂ ಹೇಳಿದ್ದ ಅಂದ್ರೆ ಅದು ಯಂತ್ರ ಅಲ್ದ ತಮಾ, ನಮ್ಮ ನೆಂಟ್ರೇಯ!"

ಇದನ್ನು ಓದುತ್ತಿರುವವರಲ್ಲಿ ಮನುಷ್ಯರು ಯಾರಾದರೂ ಇದ್ದರೆ ಬೇಗ ಬನ್ನಿ. ತೊಡೆದೇವು ಮೆತ್ತಗಾಗುತ್ತಿದೆ.