ನಮ್ಮತ್ತೆ ಅಕ್ಷರ ಕಲಿತದ್ದು

ನಮ್ಮತ್ತೆಗೆ ಐವತ್ತಾರು. ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದಾರೆ. ಕಲೆ ನೋಡಿಯೇ ಅದು ರಕ್ತವೋ ಔಷಧಿಯೋ ಹೇಳುತ್ತಾರೆ. ಓದಲು ಮಾತ್ರ ಬರುತ್ತಿರಲಿಲ್ಲ.

ನನ್ನ ಗಂಡ ತೀರಿಕೊಂಡ ಮೂರನೇ ತಿಂಗಳು ಅಲ್ಲಿಗೆ ಹೊಸ ಯಂತ್ರ ಬಂತು. ಗೋಡೆಯ ಮೇಲಿನ ಎಚ್ಚರಿಕೆಯ ಸಾಲುಗಳನ್ನು ಓದಿ ತೋರಿಸಿದವರಿಗಷ್ಟೇ ಇನ್ನು ಕೆಲಸ ಎಂದರು. ಎರಡು ತಿಂಗಳ ಗಡುವು. ಮನೆ ನಡೆಯುತ್ತಿದ್ದದ್ದು ಅತ್ತೆಯ ದುಡಿಮೆಯಿಂದ.

"ಇಷ್ಟು ವರ್ಷ ಕಣ್ಣಿದ್ದೂ ಕುರುಡಿ. ಈಗ ಕಲೀತೀನಿ," ಎಂದರು.

ರೇಡಿಯೋದವರು ದೊಡ್ಡವರಿಗಾಗಿ ಓದುವ ಪಾಠಗಳನ್ನು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಹಾಕಿದ್ದಾರೆ. ವಾರ್ತೆ ಓದುವ ಹೆಂಗಸು ಒಂದು ಸುದ್ದಿಯನ್ನು ನಿಧಾನಕ್ಕೆ ಓದುತ್ತಾಳೆ, ಕೆಳಗೆ ಅಕ್ಷರಗಳು ಬರುತ್ತವೆ. ನನ್ನ ಗಂಡನ ಫೋನನ್ನು ಡಬ್ಬಿಗೆ ಒರಗಿಸಿಟ್ಟೆ.

ಹದಿನೈದು ದಿನಕ್ಕೆ ಅತ್ತೆ ಮೊದಲ ಪಾಠವನ್ನು ಗಿಣಿಯಂತೆ ಒಪ್ಪಿಸಿದರು. ನಾನು ಫೋನಿನ ದನಿ ಪೂರ್ತಿ ಇಳಿಸಿ, ಈಗ ಓದಿ ಎಂದೆ. ಒಂದಕ್ಷರವೂ ಬರಲಿಲ್ಲ. ಕಲಿತದ್ದು ಕಿವಿ, ಕಣ್ಣಲ್ಲ.

"ನಿಲ್ಲಿಸಿ ನಿಲ್ಲಿಸಿ ನೋಡಿ ಅಂತ ಎಷ್ಟು ಸಲ ಬಡ್ಕೊಂಡೆ ಅತ್ತೆ. ಇಲ್ಲಿ ಒತ್ತಬೇಕು."

"ಕಲಿಸೋರ ಬಾಯಿ ಮುಚ್ಚಿಸೋದಾ? ಅವಳ ಮಾತು ಮುಗೀಲಿ."

"ಅವಳು ಯಾವತ್ತೋ ಓದಿಟ್ಟು ಮನೆಗೆ ಹೋಗಿ ಉಂಡು ಮಲಗಿದಾಳೆ. ಬೇಜಾರು ಮಾಡ್ಕೊಳಲ್ಲ."

ಅತ್ತೆ ನಗಲಿಲ್ಲ. "ಅವನೂ ಮಾತಾಡ್ತಾನೇ ನಿಂತುಹೋದ ಕಣೇ. ‘ಅಮ್ಮಾ, ನಾಳೆ’ ಅಂದ. ನಾಳೆ ಏನು ಅಂತ ಹೇಳಲೇ ಇಲ್ಲ."

ಆ ಮಾತು ನಾನೂ ಕೇಳಿದ್ದೆ. ನನ್ನ ಗಂಡನ ಕೈ ಆಗ ನನ್ನ ಕೈಯಲ್ಲಿತ್ತು.

ಫೋನನ್ನು ಅತ್ತೆಯ ಕಡೆ ಸರಿಸಿದೆ. ಆಮೇಲೆ ಹೇಳಿದೆ: "ಇವಳು ನಿಲ್ಲಿಸಿದ್ರೆ ಮತ್ತೆ ಶುರು ಮಾಡ್ತಾಳೆ ಅತ್ತೆ. ಒತ್ತಿ ನೋಡಿ."

ಬೆರಳು ಒರೆಸಿಕೊಂಡು ಒತ್ತಿದರು. ನಿಂತಳು. ಮತ್ತೆ ಒತ್ತಿದರು. ಬಿಟ್ಟಲ್ಲಿಂದಲೇ ಓದಿದಳು. ಏಳೆಂಟು ಸಲ ಹಾಗೇ ಮಾಡಿದರು. ನಾನು ಪಾತ್ರೆ ತೊಳೆಯಲು ಎದ್ದೆ.

ಅಂದಿನಿಂದ ಸಂಜೆಗೊಂದು ಸಾಲು. ಒತ್ತಕ್ಷರ ಬಂದರೆ ಬೈಗುಳ. "ಇದರ ಕಾಲಿಗೆ ಇನ್ನೊಂದು ಯಾಕೆ ಜೋತುಬಿದ್ದಿದೆ? ಇದಕ್ಕೇನು ಸ್ವಂತ ಮನೆ ಇಲ್ವಾ?" ಬೈದು ಬೈದೇ ಕಲಿತರು. ಎರಡು ಸಲ ಜ್ವರ ಬಂತು. ಪಾಠ ತಪ್ಪಿಸಲಿಲ್ಲ.

ಪರೀಕ್ಷೆಯ ದಿನ ನಾನು ಬಾಗಿಲ ಬಳಿ ನಿಂತಿದ್ದೆ.

"ಯಾವಾಗಿನ ಹಾಗೆ ಕನ್ನಡಕ ಮರೆತು ಬಂದೆ ಅನ್ಬೇಡಿ ಮತ್ತೆ," ಎಂದು ಸೂಪರ್‌ವೈಸರ್ ಚುಚ್ಚಿದ.

ಅತ್ತೆ ಗೋಡೆಯ ಮೇಲೆ ಬೆರಳಿಟ್ಟರು. "ಯಂತ್ರ... ಪೂರ್ತಿ... ನಿಂತ... ಮೇಲೆ... ಬಾಗಿಲು... ತೆಗೆಯಿರಿ." ಬೆವರುತ್ತಿದ್ದರು. ಬೆರಳು ಕೆಳಗಿಳಿಯಿತು. ನಾಲ್ಕು ಸಾಲು ಆಗುವಷ್ಟರಲ್ಲಿ ಅವನು ಕಾಗದಕ್ಕೆ ಸಹಿ ಹಾಕಿದ. "ಸಾಕಮ್ಮ, ಪಾಸು. ಹೋಗಿ ಕೆಲಸ ನೋಡಿ."

ಅತ್ತೆ ತಿರುಗಲಿಲ್ಲ.

"ತಡಿಯಪ್ಪ. ಇನ್ನೂ ಎರಡು ಸಾಲಿದೆ. ಮುಗಿಸ್ತೀನಿ."

ಮುಗಿಸಿದರು.