ಭಾವ ಹಾಕದ ಸಹಿ

ನನ್ನ ಭಾವನಿಗೆ ಸಿಟ್ಟು ಬರಿಸುವುದು ಯಾರಿಂದಲೂ ಆಗಲಿಲ್ಲ. ನನಗೆ ಸಿಟ್ಟು ಬರಿಸುವುದರಲ್ಲಿ ಮಾತ್ರ ಅವರು ಪಂಡಿತರು. ಹೊಳೆಯ ದಂಡೆಯಲ್ಲಿ ಸಸಿ ಬೆಳೆಸಿ ಮಾರುವ ಕೆಲಸ ಅವರದು. ಮಾತೆಲ್ಲ ನನ್ನ ಅಕ್ಕನದು. "ಮಾತು ಬೆಳ್ಳಿ, ಮೌನ ಬಂಗಾರ ಅಂತಾರಲ್ಲ, ಆ ಲೆಕ್ಕದಲ್ಲಿ ನನ್ನ ಗಂಡ ಒಂದು ಚಿನ್ನದ ಅಂಗಡೀನೇ" ಎಂದು ಗಿರಾಕಿಗಳೆದುರು ನಗುತ್ತಿದ್ದಳು. ಭಾವ ಸಸಿಗಳಿಗೆ ನೀರು ಹಾಕುತ್ತ ಕೇಳುತ್ತಿದ್ದರು.

ಎಣ್ಣೆ ಸಾಗಿಸುವ ಪೈಪು ಸೋರಿ ಹೊಳೆ ಕಪ್ಪಾಯಿತು, ಸಸಿಗಳ ಬೇರು ಕೊಳೆಯಿತು. ಪೈಪನ್ನು ಹೊಳೆಯಿಂದ ಕೀಳಿಸಬೇಕೆಂದು ಕಂಪನಿಯ ಮೇಲೆ ದಾವೆ ಹೂಡಿದವಳೂ ಅಕ್ಕನೇ. ವಕೀಲರ ಗುಮಾಸ್ತನಾದ ನಾನೇ ಕಾಗದಪತ್ರ ಸಿದ್ಧಮಾಡಿದೆ. ಪ್ರತಿ ವಾಯಿದೆಗೂ ಕೋರ್ಟಿನ ಜವಾನ ಜಗಲಿಗೆ ಬಂದು ಅವಳ ಹೆಸರನ್ನು ಮೂರು ಸಲ ಕೂಗುತ್ತಿದ್ದ. ನಾನೇನು ಕಿವುಡಿಯೇ ಎಂದು ಅವನನ್ನು ರೇಗಿಸುತ್ತ ಅಕ್ಕ ಒಳಗೆ ಹೋಗುತ್ತಿದ್ದಳು.

ತೀರ್ಪಿಗೆ ಮೊದಲೇ ಅಕ್ಕ ತೀರಿಕೊಂಡಳು. ಬೆಳಿಗ್ಗೆ ಎದೆನೋವು ಎಂದಳು, ಮಧ್ಯಾಹ್ನಕ್ಕೆ ಇಲ್ಲ.

ಕೋರ್ಟಿನ ನಿಯಮಕ್ಕೆ ಕರುಳಿಲ್ಲ. ದಾವೆ ಹೂಡಿದವರು ಸತ್ತರೆ ವಾರಸುದಾರರು ಗಡುವಿನೊಳಗೆ ಅರ್ಜಿ ಹಾಕಿ ಅವರ ಜಾಗಕ್ಕೆ ಬರಬೇಕು. ಇಲ್ಲವಾದರೆ ದಾವೆಯೂ ಸತ್ತಂತೆ. ಅಕ್ಕನಿಗೆ ಮಕ್ಕಳಿಲ್ಲ. ತಮ್ಮನಾದ ನಾನು ಆಟಕ್ಕುಂಟು, ಲೆಕ್ಕಕ್ಕಿಲ್ಲ. ಸಹಿ ಭಾವನೇ ಹಾಕಬೇಕು.

ಅರ್ಜಿ ಹಿಡಿದು ಎಷ್ಟು ಸಲ ಹೋದೆನೋ. ಅಕ್ಕನ ಹೆಸರಿನ ಮುಂದೆ 'ಮೃತ' ಎಂದಿರುವುದನ್ನು ನೋಡಿ ಭಾವ ಕಾಗದವನ್ನು ಮೆತ್ತಗೆ ನನ್ನತ್ತಲೇ ಸರಿಸುವರು. ಬೇಡಿದೆ, ಬೈದೆ, ಅಕ್ಕನ ಶ್ರಮ ನೀರುಪಾಲು ಮಾಡುತ್ತೀರಿ ಎಂದು ಕೂಗಾಡಿದೆ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ! ಆದರೆ ಅವರು ವಾಯಿದೆ ಮಾತ್ರ ಒಂದನ್ನೂ ತಪ್ಪಿಸಲಿಲ್ಲ. ದಾಖಲೆಯಲ್ಲಿ ಇನ್ನೂ ಅಕ್ಕನೇ ಇದ್ದುದರಿಂದ ಜವಾನ ಅವಳನ್ನೇ ಕರೆಯುತ್ತಿದ್ದ. ಭಾವ ಒಗೆದ ಅಂಗಿ ತೊಟ್ಟು ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತಿರುತ್ತಿದ್ದರು.

ಒಂದು ದಿನ ತಾವಾಗಿಯೇ ಬಾಯಿಬಿಟ್ಟರು. "ಮನೇಲಿ ಅವಳ ಹೆಸರು ಹೇಳೋರು ಯಾರಿದ್ದಾರೆ ಹೇಳು. ನಂಗೆ ಕೂಗೋಕೆ ಗಂಟಲೇ ಬರಲ್ಲ. ಕೋರ್ಟಲ್ಲಾದ್ರೆ ಗಟ್ಟಿಯಾಗಿ ಕರೀತಾರೆ. ನಾನು ಸಹಿ ಹಾಕಿದ್ರೆ ನಾಳೆಯಿಂದ ನನ್ನ ಹೆಸರು ಕರೀತಾರೆ ಕಣೋ."

ಸಹಿ ಹಾಕದಿದ್ದರೂ ಕೂಗುವುದು ನಿಲ್ಲುತ್ತದೆ ಎಂದು ಬಿಡಿಸಿ ಹೇಳಿದೆ. ಅವರು ತಲೆಯಾಡಿಸಿದರು, ಅಷ್ಟೇ.

ಗಡುವಿನ ಕೊನೆಯ ದಿನವೇ ವಾಯಿದೆಯೂ ಬಂತು. ಇವತ್ತು ಅರ್ಜಿ ಬರದಿದ್ದರೆ ದಾವೆ ಮುಗಿಯಿತು, ಹಾಕುತ್ತೀರಾ ಎಂದು ನ್ಯಾಯಾಧೀಶರು ಸಮಾಧಾನದಿಂದಲೇ ಕೇಳಿದರು. ನಾನು ಕಾಗದ, ಪೆನ್ನು ಎರಡನ್ನೂ ಭಾವನ ಕೈಗಿಟ್ಟೆ. ಅವರು ಎದ್ದು ನಿಂತರು.

"ಆಗಲ್ಲ ಸ್ವಾಮಿ," ಎಂದರು. "ಇನ್ನೊಂದ್ಸಲ ಅವಳನ್ನ ಕರೆಸಿಬಿಡಿ."

ಕಂಪನಿಯ ವಕೀಲರೂ ತಲೆ ತಗ್ಗಿಸಿದರು. ನ್ಯಾಯಾಧೀಶರು ಜವಾನನ ಕಡೆ ನೋಡಿದರು. ಅವನು ಜಗಲಿಗೆ ಹೋಗಿ ಎಂದಿನಂತೆ ಮೂರು ಸಲ ಕೂಗಿದ. ಭಾವ ಕಣ್ಣು ಮುಚ್ಚಿ ಕೇಳಿಸಿಕೊಂಡರು. ಆಮೇಲೆ ದಾವೆ ವಜಾ ಎಂದು ಬರೆದದ್ದಾಯಿತು. ಪೈಪು ಹೊಳೆಯಲ್ಲೇ ಉಳಿಯಿತು.

ಹೊರಗೆ ಬಂದ ಮೇಲೆ ಚೆನ್ನಾಗಿ ಬೈಯಬೇಕೆಂದು ಬಾಯಿ ತೆರೆದೆ. ಅಳು ಬಂತು. ಭಾವ ನನ್ನ ಕೈಹಿಡಿದು ಮೆಟ್ಟಿಲು ಇಳಿಸಿದರು.