ಇಪ್ಪತ್ತೆಂಟನೆಯವಳು

ನನ್ನ ಸೀಟಿನ ಮೇಲೆ ಅರ್ಧ ಕೊಡುಬಳೆ ಬಿದ್ದಿತ್ತು. ಕಚ್ಚಿದ ತುದಿ ಇನ್ನೂ ಒದ್ದೆಯಾಗಿತ್ತು. ಅದನ್ನು ಕಚ್ಚಿದವಳು ನಾನಲ್ಲ.

ಇಂಥ ಸಂಗತಿಗಳನ್ನು ನಾನು ನಂಬುತ್ತಿರಲಿಲ್ಲ. ಯಾರಾದರೂ ಹೇಳಲು ಶುರುಮಾಡಿದರೆ ಆಗ ಹೊತ್ತೆಷ್ಟಾಗಿತ್ತು, ಬೆಳಕು ಹೇಗಿತ್ತು, ನಿದ್ದೆ ಸರಿಯಾಗಿತ್ತೇ ಎಂದು ಕೇಳಿ ಅವರ ಉತ್ಸಾಹ ಕೆಡಿಸುತ್ತಿದ್ದೆ. ಅದೇ ಪ್ರಶ್ನೆಗಳಿಗೆ ಈಗ ನನ್ನ ಉತ್ತರವನ್ನೂ ಕೊಟ್ಟುಬಿಡುತ್ತೇನೆ. ಮಧ್ಯಾಹ್ನ ಮೂರು ಗಂಟೆ. ಒಳ್ಳೆಯ ಬಿಸಿಲು. ಹಿಂದಿನ ರಾತ್ರಿ ಚೆನ್ನಾಗಿ ಮಲಗಿದ್ದೆ.

ಮೂರು ವರ್ಷದ ಹಿಂದಿನ ಮಾತು. ಜಯನಗರದ ಒಂದು ಟ್ರಾವೆಲ್ಸ್‌ನವರ ಜೊತೆ ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನ ನೋಡಲು ಹೋಗಿದ್ದೆ. ನೆಲದೊಳಗಿನ ಕಾವಿಗೆ ನೀರು ಕುದಿದು ಮೇಲಕ್ಕೆ ಚಿಮ್ಮುವುದನ್ನು ನೋಡಬೇಕೆಂದು ಕಾಲೇಜಿನಲ್ಲಿ ಭೂವಿಜ್ಞಾನ ಓದುವಾಗಿನಿಂದಲೂ ಆಸೆಯಿತ್ತು. ಜೊತೆಗೆ ಬರುವ ಗೆಳತಿಯರು ಯಾರೂ ಉಳಿದಿರಲಿಲ್ಲ. "ಕನ್ನಡದೋರೇ ಇರ್ತಾರೆ, ನಮ್ಮ ಊಟಾನೇ ಇರತ್ತೆ, ಹೋಗ್ಬಾ" ಎಂದು ಅಮ್ಮ ಒಪ್ಪಿದಳು.

ಬಸ್ಸಿನಲ್ಲಿ ಇಪ್ಪತ್ತೆಂಟು ಜನ. ಹೆಚ್ಚಿನವರು ನಿವೃತ್ತ ದಂಪತಿಗಳು. ನನ್ನ ಪಕ್ಕದ ಸೀಟು ಕತ್ರಿಗುಪ್ಪೆಯ ಸುಶೀಲಮ್ಮನವರದು. ತಮ್ಮ ಮತ್ತು ನಾದಿನಿಯ ಜೊತೆ ಬಂದಿದ್ದರು. ನಾಲ್ಕು ದಿನಗಳಲ್ಲಿ ನಾನು ಅವರೊಡನೆ ಆಡಿದ್ದು ಹೌದು, ಇಲ್ಲ, ಸಾಕು ಆಂಟಿ, ಇಷ್ಟೇ. ಜಂಬದಿಂದಲ್ಲ. ನನಗೆ ಮಾತು ಹೊಳೆಯುವ ಹೊತ್ತಿಗೆ ಎದುರಿನವರು ಬೇರೆ ಕಡೆ ತಿರುಗಿರುತ್ತಾರೆ.

ಬಸ್ಸು ಹೊರಡುವ ಮುನ್ನ ಟೂರ್ ಮ್ಯಾನೇಜರ್ ನಾಗೇಶ್ ಒಂದೊಂದೇ ಸೀಟಿನ ಬೆನ್ನು ಮುಟ್ಟುತ್ತ ತಲೆ ಎಣಿಸುತ್ತಿದ್ದರು. ಎಲ್ಲರೂ ಇದ್ದರೆ "ಇಪ್ಪತ್ತೆಂಟು! ರೈಟ್ ರೈಟ್!" ಎಂದು ನಮ್ಮ ಸಿಟಿ ಬಸ್ಸಿನ ಕಂಡಕ್ಟರ್ ಹಾಗೆ ಕೂಗುತ್ತಿದ್ದರು.

ಆ ಮಧ್ಯಾಹ್ನ ಇಳಿದ ಜಾಗದಲ್ಲಿ ಕುದಿಯುವ ಕೊಳಗಳ ನಡುವೆ ಮರದ ಹಲಗೆ ಹಾಸಿದ ದಾರಿಯಿತ್ತು. ಎಲ್ಲೆಲ್ಲೂ ಗಂಧಕದ ವಾಸನೆ. "ಇಷ್ಟೊಂದು ಬಿಸಿನೀರಿದೆ, ಒಂದು ಚೊಂಬು ಮೈಮೇಲೆ ಹುಯ್ಕೊಳೋ ಹಂಗಿಲ್ವಲ್ಲೇ!" ಎಂದು ಸುಶೀಲಮ್ಮ ನನ್ನ ಕೈ ತಿವಿದರು. ನಾನು ನಕ್ಕು ಮುಂದೆ ಹೋದೆ. ಕಡುನೀಲಿ ಕೊಳವೊಂದರ ಮುಂದೆ ಒಬ್ಬಳೇ ನಿಂತಿದ್ದಾಗ ಗಾಳಿ ತಿರುಗಿ ಹಬೆ ಮುಚ್ಚಿಕೊಂಡಿತು. ಅದು ಸರಿದಾಗ ತಪ್ಪು ಕವಲು ಹಿಡಿದೆ. ಬಸ್ಸು ನಿಂತಿದ್ದ ಜಾಗಕ್ಕೆ ಬಂದಾಗ ಹನ್ನೆರಡು ನಿಮಿಷ ತಡವಾಗಿತ್ತು. ಬಸ್ಸು ಇರಲಿಲ್ಲ.

ಫೋನಿಗೆ ಸಿಗ್ನಲ್ ಇರಲಿಲ್ಲ. ಸುಮಾರು ಐವತ್ತು ನಿಮಿಷ ಅಲ್ಲಿ ನಿಂತಿದ್ದೆ. ಹೆದರಿಕೆಗಿಂತ ಹೆಚ್ಚಾಗಿ ಒಂದೇ ಯೋಚನೆ ಕೊರೆಯುತ್ತಿತ್ತು: ನಾನಿಲ್ಲ ಎಂಬುದು ಇಪ್ಪತ್ತೇಳು ಜನರಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲವೇ?

ಬಸ್ಸು ವಾಪಸು ಬಂತು. ನಾಗೇಶ್ ಬೆವರುತ್ತ ಇಳಿದರು.

"ಏನ್ ಮೇಡಂ ನೀವು! ಹೇಳ್ದೆ ಕೇಳ್ದೆ ಎಲ್ಲಿ ಇಳಿದ್ರಿ?"

"ನಾನು ಹತ್ತಲೇ ಇಲ್ಲ."

"ಎರಡು ಸಲ ಎಣ್ಸಿದೀನಿ ಮೇಡಂ. ನೀವೇ ನನಗಿಂತ ಮೊದ್ಲು ಕೈಯೆತ್ತಿ ರೈಟ್ ರೈಟ್ ಅಂದ್ರಿ. ಬಸ್ಸೆಲ್ಲ ನಕ್ಕಿತಲ್ಲ!"

ದಾರಿಯಲ್ಲಿ ಬಸ್ಸು ಎಲ್ಲೂ ನಿಂತಿರಲಿಲ್ಲ. ಇಪ್ಪತ್ತು ನಿಮಿಷದ ಮುಂದಿನ ತಾಣದಲ್ಲಿ ಎಲ್ಲರೂ ಇಳಿದ ಮೇಲೆಯೇ ನಾನು ಕಾಣಲಿಲ್ಲವಂತೆ. ಅಲ್ಲೆಲ್ಲ ಹುಡುಕಿ, ಕೊನೆಗೆ ಬಂದ ದಾರಿಯಲ್ಲೇ ನೋಡೋಣವೆಂದು ಬಸ್ಸು ತಿರುಗಿಸಿದ್ದರು. ನಾನು ಇಳಿದದ್ದನ್ನು ಯಾರೂ ನೋಡಿರಲಿಲ್ಲ. ಬಸ್ಸಿನಲ್ಲಿದ್ದದ್ದನ್ನು ಎಲ್ಲರೂ ನೋಡಿದ್ದರು.

ಒಳಗೆ ಹೋದಾಗ ಸೀಟಿನ ಮೇಲೆ ಆ ಕೊಡುಬಳೆ. "ತಿಂತಾ ತಿಂತಾನೇ ಎದ್ಹೋದ್ಯಲ್ಲೇ" ಎಂದು ಸುಶೀಲಮ್ಮ ಅದನ್ನು ಕಾಗದದಲ್ಲಿ ಸುತ್ತಿದರು. "ನಾಲ್ಕು ದಿನ ಮೂಗಿ ಥರ ಕೂತಿದ್ದೆ. ಇವತ್ತು ಏನ್ ಮಾತು, ಏನ್ ನಗು!" ಮುಂದಿನ ಸೀಟಿನಿಂದ ಅವರ ನಾದಿನಿ ತಿರುಗಿ, ಹಳೆಯ ಪರಿಚಯದವರಂತೆ ನನ್ನತ್ತ ನಕ್ಕರು. ನಾನಿಲ್ಲದ ಆ ಇಪ್ಪತ್ತು ನಿಮಿಷ ನಾನು ಎಲ್ಲರಿಗೂ ಇಷ್ಟವಾಗಿದ್ದೆ.

ಬಸ್ಸು ಹೊರಟ ಮೇಲೆ ಸುಶೀಲಮ್ಮ ದನಿ ತಗ್ಗಿಸಿದರು. "ಆ ಹುಡುಗನ ವಿಷ್ಯ ಇಷ್ಟು ವರ್ಷ ಹೊಟ್ಟೇಲೇ ಇಟ್ಕೊಂಡಿದೀಯಲ್ಲಮ್ಮ. ನಿಮ್ಮಮ್ಮಂಗೆ ಹೇಳ್ಬಿಡು."

ಆ ವಿಷಯ ಇದು. ಪ್ರವಾಸಕ್ಕೆ ಎರಡು ವರ್ಷ ಮೊದಲು ಅಮ್ಮನ ಗೆಳತಿಯ ಮಗನ ಜೊತೆ ನನ್ನ ಮದುವೆಯ ಮಾತು ನಡೆದಿತ್ತು. ಅಮ್ಮಂದಿರಿಬ್ಬರೂ ಇಪ್ಪತ್ತು ವರ್ಷದಿಂದ ದಿನವೂ ಒಟ್ಟಿಗೆ ವಾಕಿಂಗ್ ಹೋಗುತ್ತಿದ್ದವರು. ನನಗೆ ಮದುವೆಯೇ ಬೇಡವಾಗಿತ್ತು; ಹೇಳುವ ಧೈರ್ಯವಿರಲಿಲ್ಲ. ಜಯನಗರದ ಒಂದು ಪಾರ್ಕಿನ ಕಲ್ಲುಬೆಂಚಿನಲ್ಲಿ ಆ ಹುಡುಗನನ್ನು ಕೂರಿಸಿ, ನೀವೇ ಬೇಡವೆಂದುಬಿಡಿ ಎಂದು ಕೇಳಿಕೊಂಡೆ. ಅವನು ಹಾಗೆಯೇ ಮಾಡಿದ. "ನನ್ನ ಮಗಳನ್ನ ಬೇಡ ಅಂದ್ರು" ಎಂದು ಅಮ್ಮ ಗೆಳತಿಯ ಜೊತೆ ಮಾತು ಬಿಟ್ಟಳು. ಅಂದಿನಿಂದ ಒಬ್ಬಳೇ ನಡೆಯುತ್ತಿದ್ದಳು. ನಾನು ಅದನ್ನು ದಿನವೂ ನೋಡುತ್ತ ಸುಮ್ಮನಿದ್ದೆ.

"ಪಾಪ ಆ ಹುಡುಗ," ಎಂದರು ಸುಶೀಲಮ್ಮ. "ನಾನೇ ಕೆಟ್ಟವನಾಗ್ಬೇಕಾ ಅಂತ ಕೇಳ್ದ್ನಂತೆ!"

ಅವನು ಕೇಳಿದ್ದು ಅಕ್ಷರಶಃ ಅದನ್ನೇ. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ, ಎಲ್ಲೂ ಬರೆದಿರಲಿಲ್ಲ. ಊಟದ ಹೊತ್ತಿನಲ್ಲಿ ಸುತ್ತಿ ಬಳಸಿ ವಿಚಾರಿಸಿದೆ. ಸುಶೀಲಮ್ಮನವರಿಗೆ ಆ ಮನೆಯವರೂ ಗೊತ್ತಿಲ್ಲ, ನಮ್ಮ ಮನೆಯವರೂ ಗೊತ್ತಿಲ್ಲ.

ನಾಗೇಶ್ ಎಣಿಸುವಾಗ ತಪ್ಪಿರಬಹುದು. ಕೊಡುಬಳೆ ಯಾರದೋ ಇರಬಹುದು. ಉಳಿದವರೂ ಒಬ್ಬರ ಮಾತಿಗೆ ಒಬ್ಬರು ತಲೆಯಾಡಿಸಿರಬಹುದು. ಇವನ್ನೆಲ್ಲ ಒಪ್ಪಬಲ್ಲೆ. ಆ ಒಂದು ವಾಕ್ಯಕ್ಕೆ ಮಾತ್ರ ಇವತ್ತಿನವರೆಗೂ ನನ್ನಲ್ಲಿ ಉತ್ತರವಿಲ್ಲ. ನನಗಿಂತ ಧೈರ್ಯವಂತೆಯಾದ ಯಾರೋ ನನ್ನ ಜಾಗದಲ್ಲಿ ಕೂತು ಹೋದಳೆಂದಷ್ಟೇ ಅನ್ನಿಸುತ್ತದೆ. ಹಾಗೆಂದರೇನೆಂದು ಕೇಳಬೇಡಿ.

ಮರುದಿನ ಬೆಳಿಗ್ಗೆ ಏಳಕ್ಕೆ ಹೋಟೆಲಿನ ಮೆಟ್ಟಿಲ ಮೇಲೆ ಕೂತು ಅಮ್ಮನಿಗೆ ಫೋನ್ ಮಾಡಿದೆ. ತ್ಯಾಗರಾಜನಗರದ ನಮ್ಮ ಮನೆಯಲ್ಲಿ ಆಗ ಸಂಜೆ. "ಅಮ್ಮಾ, ಅವರು ಬೇಡ ಅನ್ಲಿಲ್ಲ. ನಾನೇ ಹಾಗೆ ಅನ್ನಿಸ್ದೆ" ಎಂದೆ. ಉಳಿದದ್ದನ್ನೂ ಹೇಳಿದೆ.

"ಅವಳ ನಂಬರ್ ಬ್ಲಾಕ್ ಮಾಡ್ಬಿಟ್ಟಿದೀನಿ ಕಣೇ," ಎಂದಳು ಅಮ್ಮ. "ಅದನ್ನ ತೆಗೆಯೋದು ಹೆಂಗೆ?"

ಕನ್ನಡಕ ಹಾಕಿಕೊಂಡು ಬಾ ಎಂದೆ. ಮೊದಲು ಎಲ್ಲಿ ಒತ್ತಬೇಕು, ಆಮೇಲೆ ಎಲ್ಲಿ, ಎಂದು ನಿಧಾನವಾಗಿ ಹೇಳಿಕೊಟ್ಟೆ.